ಹಲ್ಲಿನ ಡಾಕ್ಟರನ ಸೊಟ್ಟ ಗೋಣು

ಮೂವತ್ತರ ದಶಕದಲ್ಲಿ ಗೋಕಾಕದ ಪೇಟೆಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ, ನನ್ನ ಹಲ್ಲಿನ ದವಾಖಾನೆ ಇತ್ತು. ಸಂತೆಯ ದಿನ ಸಾಮಾನು ಕಟ್ಟಿಕೊಂಡು ಮೂಡಲಗಿಗೂ ಹೋಗುತ್ತಿದ್ದೆ. ಕರದಂಟು ತಿನ್ನುವ ಊರಿನಲ್ಲಿ ಹಲ್ಲಿನ ಡಾಕ್ಟರನಿಗೆ ಕೆಲಸದ ಬರವಿಲ್ಲ. ನನಗೆ ಬರವಿದ್ದದ್ದು ಹೆಣ್ಣು ಕೊಡುವವರದು. ಯಾಕೆಂದರೆ ನನ್ನ ಗೋಣು ಬಲಕ್ಕೆ ವಾಲಿತ್ತು, ಬೆನ್ನು ಮುಂದಕ್ಕೆ ಬಾಗಿತ್ತು. ಹುಟ್ಟುವಾಗ ನಾನು ನೆಟ್ಟಗೇ ಇದ್ದೆ ಎಂದು ನನ್ನವ್ವ ಕಂಡಕಂಡವರಿಗೆಲ್ಲ ಆಣೆ ಮಾಡಿ ಹೇಳುತ್ತಿದ್ದಳು. ಈ ಸೊಟ್ಟು ಹಲ್ಲು ಕಿತ್ತು ಕಿತ್ತು ಬಂದದ್ದು.

ಅದರಲ್ಲಿ ನನ್ನ ತಪ್ಪೇನೂ ಇಲ್ಲ. ತಪ್ಪೆಲ್ಲ ನಮ್ಮ ಜನರ ಮರ್ಯಾದೆಯದು. ಮುಂಬೈಯಲ್ಲಿ ಒಬ್ಬ ಪಾರಸಿ ಡಾಕ್ಟರರ ಕೈಕೆಳಗೆ ಕೆಲಸ ಕಲಿತು ಬರುವಾಗ ಅವರ ಹಳೆಯ ಕಬ್ಬಿಣದ ಖುರ್ಚಿಯನ್ನು ರೈಲಿಗೆ ಹಾಕಿಸಿಕೊಂಡು ಬಂದಿದ್ದೆ. ಕಾಲಿನಿಂದ ಒತ್ತಿದರೆ ಮೇಲಕ್ಕೇರುವ ಖುರ್ಚಿ. ರೋಗಿಯ ಬಾಯಿ ಡಾಕ್ಟರನ ಎದೆಮಟ್ಟಕ್ಕೆ ಬರಲಿ, ಡಾಕ್ಟರ ಬಗ್ಗದೇ ಕೆಲಸ ಮಾಡಲಿ ಎಂದು ಯಾರೋ ಪುಣ್ಯಾತ್ಮ ಮಾಡಿದ್ದು. ಆದರೆ ಡಾಕ್ಟರ ನಿಂತಿರುವಾಗ ತಾವು ಖುರ್ಚಿಯ ಮೇಲೆ ಕೂಡುವುದೆಂದರೆ ನಮ್ಮವರಿಗೆ ಮೈಮೇಲೆ ಹಾವು ಬಿಟ್ಟಂತೆ.

"ನೀವು ನಿಂತೀರಿ, ನಾ ಮ್ಯಾಲ ಕುಂದರ್ಲೇನ್ರಿ? ಛೇ ಛೇ, ಪಾಪ ಬರತೈತಿ" ಎಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಾಯಿ ತೆರೆಯುತ್ತಿದ್ದರು. ತಲೆಯ ರುಮಾಲನ್ನು ಮಾತ್ರ ಜೋಪಾನವಾಗಿ ಖುರ್ಚಿಯ ಮೇಲೆ ಇಡುತ್ತಿದ್ದರು. ಹೀಗಾಗಿ ಆ ಖುರ್ಚಿಯ ಸುಖವನ್ನೆಲ್ಲ ರುಮಾಲುಗಳು ಉಂಡವು. ನಾನೂ ನೆಲಕ್ಕೆ ಕೂತು ನೋಡಿದೆ. ಡಾಕ್ಟರು ಕೆಳಗೆ ಕೂತರಲ್ಲಾ ಎಂದು ರೋಗಿಗಳು ಇನ್ನೂ ಕುಗ್ಗಿ, ಗದ್ದವನ್ನು ಎದೆಗೆ ಅಂಟಿಸಿಕೊಳ್ಳುತ್ತಿದ್ದರು. ಅಲ್ಲದೆ ಹಲ್ಲು ಕೊರೆಯುವ ಯಂತ್ರ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವಂಥದ್ದು, ಕೂತು ತುಳಿಯಲು ಬರುವುದಿಲ್ಲ. ಎಡಗಾಲ ಮೇಲೆ ನಿಂತು, ಬಲಗಾಲಲ್ಲಿ ತುಳಿದು, ಸೊಂಟದಿಂದ ಬಗ್ಗಿ, ಗೋಣು ತಿರುಗಿಸಿ ಬಾಯೊಳಗೆ ಇಣುಕಬೇಕು. ಕೆಲವೇ ವರ್ಷಗಳಲ್ಲಿ ನನ್ನ ಬಲಗಾಲು ಪೈಲವಾನನದಾಯಿತು, ಎಡಗಾಲು ಸಾಲಿ ಮಾಸ್ತರನದಾಗಿಯೇ ಉಳಿಯಿತು. ಧೋತರ ಉಟ್ಟರೆ ಅದು ಹೇಗೋ ಮುಚ್ಚಿಹೋಗುತ್ತಿತ್ತು. ಗೋಣಿಗೆ ಏನು ಉಡಿಸುವುದು?

ಮೊದಲು ನೋಡಲು ಬಂದ ಕೌಜಲಗಿಯವರು ಚಹಾ ಕುಡಿದು, "ಹುಡುಗ ಶಾಣ್ಯಾ ಅದಾನ, ಆದ್ರ ಯಾವಾಗ್ಲೂ ಬಾಜೂ ಮನಿ ನೋಡಿದಾಂಗ ಕಾಣತಾನ" ಎಂದು ಎದ್ದುಹೋದರು. ಕಣಗಲಾದವರು ಬಾಗಿಲಿಂದಲೇ ನೋಡಿ, ಒಳಗೆ ಬರದೆ ನೀರು ಕೇಳಿ ಕುಡಿದು ಹೋದರು. ಅವ್ವ ಅಂದು ಅನ್ನ ಬಿಟ್ಟಳು. ನನಗೂ ಬಹಳ ಕೆಟ್ಟದೆನಿಸಿತು. ಊರವರ ಹಲ್ಲುನೋವು ಕಳೆಯುವವನಿಗೆ ಮನೆಯಲ್ಲಿ ಒಂದು ಮಾತಾಡುವ ಜೀವ ಬೇಡವೇ?

ಮೂರನೆಯದಾಗಿ ಹುಕ್ಕೇರಿಯ ಒಬ್ಬ ಕಾಳಿನ ವ್ಯಾಪಾರಿ ತಮ್ಮ ಮಗಳಿಗೆ ನನ್ನನ್ನು ನೋಡಲು ಬರುತ್ತಾರೆಂದು ಸುದ್ದಿ ಬಂತು. ಈ ಸಲ ತಪ್ಪಿದರೆ ಮುಗಿಯಿತು ಎಂದು ಅವ್ವ ನನ್ನನ್ನು ಕುಸ್ತಿ ತಾಲೀಮಿನ ಉಸ್ತಾದನ ಕೈಗೆ ಕೊಟ್ಟಳು. ಅವನು ನನ್ನನ್ನು ಕೆಮ್ಮಣ್ಣಿನ ಮೇಲೆ ಬೋರಲು ಕೆಡವಿ, ಬೆನ್ನ ಮೇಲೆ ಕೂತು, ಗೋಣು ಹಿಡಿದು ಒಮ್ಮೆ ಲಟಕ್ಕೆಂದು ತಿರುವಿದ. ಎದ್ದು ನೋಡಿದರೆ ಬಲಕ್ಕಿದ್ದ ಗೋಣು ಎಡಕ್ಕೆ ಬಂದಿತ್ತು.

"ನಡುವ ನಿಲ್ಲಸೋ ಮಾರಾಯಾ" ಎಂದು ಗೋಗರೆದೆ.

"ಒಮ್ಮೆಕ್ಕ ಎಲ್ಲಾ ಆಗೂದಿಲ್ರಿ. ಅತ್ಲಾಗಿಂದ ಇತ್ಲಾಗ ಬಂದೈತಿ, ಇನ್ನ ನಡುವ ಬರಾಕ ಎಷ್ಟೊತ್ತು?" ಎಂದ. ಅದು ನಡುವೆ ಬರಲಿಲ್ಲ, ಮೆಲ್ಲಗೆ ತನ್ನ ಹಳೆಯ ಮನೆಗೇ ಹೋಗಿ ನಿಂತಿತು.

ಹುಕ್ಕೇರಿಯವರು ಬಂದ ದಿನ ಅವ್ವ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, "ಅಲ್ಲಾಡಬ್ಯಾಡ" ಎಂದು ತಾಕೀತು ಮಾಡಿದಳು. ಹುಡುಗಿಯ ತಂದೆ ದೊಡ್ಡ ಮೀಸೆಯ, ಗಂಭೀರ ಮನುಷ್ಯ. ಬಂದಾಗಿನಿಂದ ಒಂದೇ ಕೆನ್ನೆಯಲ್ಲಿ ಮಾತಾಡುತ್ತಿದ್ದರು. ಅವ್ವ ಉಪಚಾರಕ್ಕೆಂದು ಕರದಂಟು ಮುಂದಿಟ್ಟಳು. ಬೀಗರ ಮನೆಯಾಗಬಹುದಾದ ಕಡೆ ಒಲ್ಲೆ ಎನ್ನುವುದು ಹೇಗೆಂದು ಅವರು ಒಂದು ತುಂಡು ಕಚ್ಚಿದರು. ಮರುಕ್ಷಣ ಹಾಕಿದ ಕೂಗಿಗೆ ಹಿತ್ತಲಿನ ಎಮ್ಮೆ ಕಣ್ಣಿ ಹರಿದುಕೊಂಡಿತು.

ನಾನು ಗೋಣನ್ನೂ ಮರೆತು, ಗೋಡೆಯನ್ನೂ ಮರೆತು, ಇಕ್ಕಳ ತಂದೆ. ದವಡೆಯ ಹಲ್ಲು ಹುಳುಕಾಗಿ ಅಲ್ಲಾಡುತ್ತಿತ್ತು. "ಬರ್ರಿ, ಖುರ್ಚಿ ಮ್ಯಾಲ ಕುಂದರ್ರಿ" ಎಂದೆ.

"ಹೆಣ್ಣ ಕೊಡೂ ಮಂದಿ ನಾವು. ಗಂಡಿನ ಮನ್ಯಾಗ ಎತ್ತರಕ ಕುಂದರ್ಲೇನ್ರಿ? ಆಗೂದಿಲ್ಲ" ಎಂದು ಅವರು ಆ ನೋವಿನಲ್ಲೂ ಮರ್ಯಾದೆ ಬಿಡದೆ ಜಮಖಾನೆಯ ಮೇಲೇ ಕೂತರು.

ಬಗ್ಗಿದೆ. ಇಕ್ಕಳ ಹಾಕಿ ಜಗ್ಗಿದೆ. ಹಲ್ಲು ಸಲೀಸಾಗಿ ಬಂತು. ಮೇಲಕ್ಕೆ ಬಾರದೆ ಉಳಿದವನು ನಾನು. ಸೊಂಟದಲ್ಲಿ ಏನೋ ಕಳಕ್ಕೆಂದು ಹಿಡಿದುಕೊಂಡಿತು. ಏಳಲು ನೋಡಿದಷ್ಟೂ ಕೆಳಗೆ ಹೋಗಿ, ಕೊನೆಗೆ ನನ್ನ ಹಣೆ ಅವರ ಪಾದದ ಮೇಲೆ ಬಿತ್ತು.

"ಏಳ್ರಿ, ಏಳ್ರಿ! ಆಶೀರ್ವಾದ ಐತಿ" ಎಂದರು ಅವರು, ಬಾಯಿಗೆ ಅರಿವೆ ಒತ್ತಿಕೊಂಡು. ನಾನು ಏಳಲಿಲ್ಲ. "ನೂರ ವರ್ಷ ಬಾಳ್ರಿ!" ಎಂದರು. ಆದರೂ ಏಳಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಜೊತೆಗೆ ಬಂದವರಿಗೆ, "ಈಗಿನ ಹುಡುಗ್ರು ಕಾಲಿಗೆ ಎರಡ ಬಟ್ಟ ಮುಟ್ಟಿಸಿ ಓಡತಾವ. ಇವ್ರನ್ನ ನೋಡ್ರಿ. ಮುಂಬೈ ಕಂಡ್ರೂ ಹಿರ್ಯಾರ್ನ ಮರ್ತಿಲ್ಲ!" ಎಂದರು.

ಅವ್ವನಿಗೆ ವಿಷಯ ತಿಳಿದುಹೋಯಿತು. ಅವಳು ಸುಮ್ಮನಿರುವವಳೇ? "ಸಣ್ಣಾಂವಿದ್ದಾಗಿಂದ ಹಂಗ ಅದಾನ್ರಿ. ಹಿರ್ಯಾರ ಕಾಲ ಕಂಡ್ರ ಮುಗೀತು, ಏಳೂದ ಇಲ್ಲ" ಎಂದಳು. ನಾನು ಬಗ್ಗಿದಂತೆಯೇ ಅಂಬೆಗಾಲಿಕ್ಕುತ್ತ ಹಿಂದಹಿಂದಕ್ಕೆ ಸರಿದು ಅಡಿಗೆಮನೆ ಸೇರಿದೆ. ಹಿರಿಯರಿಗೆ ಬೆನ್ನು ತೋರಿಸಬಾರದೆಂದು ನಾನು ಹಾಗೆ ಹೋದೆನೆಂದು ಹುಕ್ಕೇರಿಯವರು ತಲೆದೂಗಿದರಂತೆ. ಗೋಣು ಯಾವ ಕಡೆಗಿದೆ ಎಂದು ನೋಡುವುದು ಅವರಿಗೆ ನೆನಪಾಗಲೇ ಇಲ್ಲ. ಸಂಜೆಯೊಳಗೆ ಮಾತು ಮುಗಿಯಿತು.

ಮದುವೆ ಹುಕ್ಕೇರಿಯಲ್ಲಿ ಆಯಿತು. ನನ್ನ ನಮಸ್ಕಾರದ ಕೀರ್ತಿ ನನಗಿಂತ ಮುಂಚೆ ಅಲ್ಲಿ ಮುಟ್ಟಿತ್ತು. ಹತ್ತರಗಿಯಿಂದ ಹಿಡಿದು ಸುತ್ತಲಿನ ಊರಿನ ಮುದುಕರೆಲ್ಲ ಸಾಲಾಗಿ ಕಾಲು ಚಾಚಿ ಕೂತಿದ್ದರು. ಮಾವನವರು, "ನಮ್ಮ ಅಳ್ಯಾನ ಶರಣು ನೋಡ್ರಿ" ಎಂದು ಮೀಸೆ ತಿರುವುತ್ತಿದ್ದರು. ನಾನೂ ಮದುಮಗಳೂ ಜೋಡಿಯಾಗಿ ಬಗ್ಗುತ್ತ ಏಳುತ್ತ ಸಾಗಿದೆವು. ಅರ್ಧ ಸಾಲು ದಾಟುವಷ್ಟರಲ್ಲಿ ಒಬ್ಬ ಅಜ್ಜನ ಪಾದದ ಬಳಿ ಸೊಂಟ ಮತ್ತೆ ಕಳಕ್ಕೆಂದಿತು. ಹೋಯಿತು ನನ್ನ ಮಾನ ಎಂದುಕೊಂಡೆ. ಮದುಮಗಳು ಎದ್ದು ನಿಂತು ನಾನು ಕೆಳಗೇ ಉಳಿದರೆ, ಸೊಂಟ ಹಿಡಿದ ವರ ಎಂದು ಇಡೀ ಹಂದರಕ್ಕೇ ತಿಳಿಯುತ್ತಿತ್ತು.

ಅವಳು ಏಳಲಿಲ್ಲ. ಸೆರಗಿನ ಮರೆಯಿಂದ ನನ್ನ ಕಡೆ ಮುಖ ತಿರುಗಿಸಿ ಪಿಸುಗುಟ್ಟಿದಳು. "ನಡಾ ಹಿಡಕೊಂಡೈತೇನ್ರಿ?"

ಅದು ನನ್ನ ಹೆಂಡತಿ ನನ್ನೊಡನೆ ಆಡಿದ ಮೊದಲ ಮಾತು. "ಹೂಂ" ಎಂದೆ.

"ಅವತ್ತ ನಮ್ಮಪ್ಪನ ಮುಂದೂ ಹಿಂಗ ಆಗಿತ್ತಲ್ಲಾ? ಅವ್ರು ಹೇಳಿದ ಕೂಡ್ಲೆ ನನಗ ಗೊತ್ತಾತು. ಅಷ್ಟೊತ್ತು ಯಾರೂ ಕಾಲಿಗೆ ಬೀಳೂದಿಲ್ಲ."

ಗೊತ್ತಿದ್ದೂ ಒಪ್ಪಿದ್ದಳು! ಬಗ್ಗಿದಲ್ಲೇ ನನಗೆ ನಗು ಬಂತು. ಮೇಲೆ ಜನ, "ಎಂಥಾ ಜೋಡಿ, ಎಂಥಾ ಭಕ್ತಿ!" ಎನ್ನುತ್ತಿದ್ದರು. ಅಜ್ಜ ತನಗೆ ಗೊತ್ತಿದ್ದ ಆಶೀರ್ವಾದವನ್ನೆಲ್ಲ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದ್ದ. ನಮ್ಮ ಕಡೆ ಒಂದು ನಂಬಿಕೆ ಇದೆ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒಂದು ಒದ್ದರೆ ಎಂಥ ಹಿಡಿತವೂ ಬಿಡುತ್ತದೆ ಎಂದು. ಅವಳು ನನ್ನ ಕೈಯನ್ನು ಮೆಲ್ಲಗೆ ತನ್ನ ಭುಜದ ಮೇಲೆ ಇಟ್ಟುಕೊಂಡು ಹೇಳಿದಳು.

"ಅಂಜಬ್ಯಾಡ್ರಿ. ನಾ ಕಾಲ ಮುಂದಾಗಿ ಹುಟ್ಟೇನಿ. ಮನಿಗೆ ಹೋದಮ್ಯಾಗ ಒದೀತೇನಿ."