ರಾತ್ರಿ ಕಾವಲಿಗೆ ಹೋಗದವನು

ನಿದ್ದೆ ಬಾರದಿದ್ದುದನ್ನು ನಾನು ರೋಗವೆಂದುಕೊಳ್ಳಲಿಲ್ಲ. ಬಡ್ತಿ ಎಂದುಕೊಂಡೆ.

ನಾನು ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಕಾಡಂಚಿನ ನಮ್ಮೂರು ಹಂಗಳದಲ್ಲಿ ಸ್ವಲ್ಪ ಜಮೀನು. ಮುಸುಕಿನ ಜೋಳ ತೆನೆ ಕಟ್ಟುವ ಕಾಲಕ್ಕೆ ಕಾಡಿನಿಂದ ಆನೆ, ಹಂದಿ ಇಳಿಯುತ್ತವೆ. ಮನೆಗೊಬ್ಬ ಗಂಡಸು ಸರದಿಯಂತೆ ರಾತ್ರಿ ಅಟ್ಟಣೆ ಹತ್ತಿ ಕಾಯಬೇಕು. ಹೋದ ವರ್ಷ ನನ್ನ ಸರದಿ ಮುಗಿದ ಮೇಲೂ ನಾನು ಇಳಿಯಲಿಲ್ಲ. ಕಣ್ಣು ಉರಿಯದು, ಮೈ ಬಳಲದು. ಊರಿನವರ ಸರದಿಯನ್ನೆಲ್ಲ ನಾನೇ ವಹಿಸಿಕೊಂಡೆ. ಊರು ಸುಖವಾಗಿ ಮಲಗಿತು. ಎಲ್ಲರ ಬೆಳೆ ಕಾಯುವವನನ್ನು ರೋಗಿ ಎನ್ನುವಷ್ಟು ಕೃತಘ್ನರು ನಮ್ಮಲ್ಲಿಲ್ಲ.

ವಾರದೊಳಗೆ, ಆನೆಗಳೊಡನೆ ಗಡಿ ಒಪ್ಪಂದ ಮಾಡಿಕೊಳ್ಳಲು ತೀರ್ಮಾನಿಸಿ, ಇಸ್ತ್ರಿ ಅಂಗಿ ತೊಟ್ಟು, ಮಟಮಟ ಮಧ್ಯಾಹ್ನ ಕಾಡಿನತ್ತ ಹೊರಟೆ. ಹೆಂಡತಿ ಮಹದೇವಮ್ಮ, ಪಕ್ಕದ ಜಮೀನಿನ ಮಾದಪ್ಪ ಇಬ್ಬರೂ ಹಿಡಿದು ಜೀಪಿಗೆ ಹಾಕಿ ಚಾಮರಾಜನಗರದ ಆಸ್ಪತ್ರೆಗೆ ತಂದರು. ರಾಯಭಾರ ಮುರಿದುಬಿತ್ತು.

ಬೈಪೋಲಾರ್ ಡಿಸಾರ್ಡರ್. ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ವಿಪರೀತ ಇಳಿಯುವ ಕಾಯಿಲೆ.

"ಮಾತ್ರೆ ಬಿಡಬೇಡಿ" ಎಂದರು ಡಾಕ್ಟರಮ್ಮ. "ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಬೆಳಿಗ್ಗೆ ಬಿಸಿಲಿಗೆ ಬನ್ನಿ, ರಾತ್ರಿ ಮೊಬೈಲ್ ದೂರ ಇಡಿ. ನಿದ್ದೆಗೆಟ್ಟರೆ ಇದು ಮರುಕಳಿಸಬಹುದು."

ಆಮೇಲೆ ಇಳಿತ ಬಂತು. ಹಗಲೆಲ್ಲ ಮುಸುಕು. ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. ಮಹದೇವಮ್ಮ ಪ್ರತಿ ಬೆಳಿಗ್ಗೆ ಕೈಹಿಡಿದು ತಂದು, ಒಣಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ ಬಿಸಿಲಿಗೆ ಕೂರಿಸುತ್ತಿದ್ದಳು. ಮೆಣಸಿನಕಾಯಿ ಬೇಗ ಒಣಗಿತು. ನನಗೆ ತಿಂಗಳುಗಳು ಹಿಡಿದವು.

ಈ ವರ್ಷ ಮತ್ತೆ ಸರದಿ ಬಂತು. ಹೋದರೆ ಕಾಯಿಲೆ; ಹೋಗದಿದ್ದರೆ ನಮ್ಮ ಹೊಲದತ್ತ ಯಾರೂ ಟಾರ್ಚ್ ತಿರುಗಿಸುವುದಿಲ್ಲ. "ನಾನೇ ಓಯ್ತೀನಿ ಬುಡಿ" ಎಂದಳು ಮಹದೇವಮ್ಮ. ನಾನು ಒಪ್ಪಲಿಲ್ಲ. ಟೀ ಅಂಗಡಿಯ ಮುಂದೆ ಎಲ್ಲರೂ ಸೇರಿದ್ದಾಗ ಎದ್ದು ನಿಂತೆ.

"ರಾತ್ರಿ ಕಾವಲಿಗೆ ನಾ ಬರಕಿಲ್ಲ. ನಿದ್ದೆಗೆಟ್ರೆ ನಂಗೆ ಕಾಯ್ಲೆ ಬತ್ತದೆ."

"ನಿದ್ದೆಗೆಟ್ರೆ ಯಾರ್ಗ್ಲಾ ಸುಖ?" ಎಂದ ಸಿದ್ದರಾಜು. "ಆ ಡಾಕ್ಟ್ರತ್ರ ನಮ್ಗೂ ಒಂದ್ ಚೀಟಿ ಬರ್ಸ್ಕಬಾ."

ಎಲ್ಲರೂ ನಕ್ಕರು. ಮಾದಪ್ಪ ನಗಲಿಲ್ಲ.

"ಓದ್ ವರ್ಸ ಇವ್ನ ಜೀಪ್ಗೆ ಆಕುವಾಗ ನೀನೆಲ್ಲಿದ್ಲಾ? ನಿನ್ ಸರದೀಲಿ ಇವ್ನು ಕಾಯ್ತಿದ್ದ, ನೀನು ಮನೇಲಿ ಗೊರ್ಕೆ ಒಡೀತಿದ್ದೆ."

ಸಿದ್ದರಾಜು ಬಾಯಿ ತೆರೆಯುವುದರೊಳಗೆ ನಾನೇ ಹೇಳಿಬಿಟ್ಟೆ: "ಒತ್ತು ಉಟ್ಟಿದ್ ಮ್ಯಾಲೆ ನೀವೆಲ್ಲ ಮನಿಕತೀರಿ. ಗಿಳಿ, ನವಿಲು ತೆನೆಗೆ ಬೀಳೋದು ಆಗ್ಲೇ. ಅದ್ನ ನಂಗ್ ಬುಡಿ. ಎಲ್ರ ಒಲಾನೂ ನಾನೇ ಕಾಯ್ತೀನಿ."

ಒಪ್ಪಿದರು; ರಾತ್ರಿ ನಮ್ಮ ಹೊಲ ಅವರ ಪಾಲಿಗೆ. ಕಚೇರಿಯ ಬಸ್ಸು ಬರುವ ತನಕ ನಾನೀಗ ತಗಡಿನ ಡಬ್ಬ ಬಡಿಯುತ್ತಾ ಬಿಸಿಲಲ್ಲಿ ಬದುಗಳ ಮೇಲೆ ಓಡಾಡುತ್ತೇನೆ. ಇಷ್ಟು ಗದ್ದಲದ ಚಿಕಿತ್ಸೆಯನ್ನು ಡಾಕ್ಟರಮ್ಮ ಬರೆದುಕೊಟ್ಟಿರಲಿಲ್ಲ. ಕೇಳಿ ತಲೆಯಾಡಿಸಿದರು, ಅಷ್ಟೆ.

ಕಳೆದ ವಾರ ಬೆಳಿಗ್ಗೆ ಹೋಗಿ ನೋಡಿದರೆ ನಮ್ಮ ಜೋಳ ಅರ್ಧಕ್ಕರ್ಧ ನೆಲಕ್ಕೊರಗಿತ್ತು.

ರಾತ್ರಿ ಹಂದಿಗಳು ನುಗ್ಗಿದ್ದವಂತೆ. ಪಟಾಕಿ ಹೊಡೆದರಂತೆ, ಕೂಗಾಡಿದರಂತೆ. ನಾನು ಮಲಗಿದ್ದೆ. ಬದುವಿನ ಮೇಲೆ ಸಿದ್ದರಾಜು ಕುಳಿತಿದ್ದ, ನಿದ್ದೆಗೆಟ್ಟ ಕಣ್ಣು ಕೆಂಡ.

"ನನ್ಯಾಕ್ಲಾ ಎಬ್ಬಿಸ್ನಿಲ್ಲ?"

"ಬಾಗ್ಲ್‌ಗಂಟ ಬಂದಿದ್ದೆ ಕಣ್ಲಾ. ಮಾದೇವಕ್ಕ ಅಡ್ಡ ನಿಂತ್ಕಂಡ್ರು. 'ಜ್ವಾಳ ಓದ್ರೆ ಓಗ್ಲಿ, ಅವ್ರ್ನ ಎಬ್ಬಿಸ್ಬ್ಯಾಡ ಕಣಪ್ಪ' ಅಂದ್ರು. ಸರಿ ಅನ್ನುಸ್ತು. ವಾಪಸ್ ಬಂದ್ಬುಟ್ಟೆ."

ಬಿದ್ದ ತೆನೆಗಳ ಮೇಲೆ ಆಗಲೇ ಗಿಳಿಗಳು ಇಳಿಯುತ್ತಿದ್ದವು.

"ಓಗಿ ಮನಿಕೊ, ಓಗು" ಎಂದು ಅವನನ್ನು ಕಳಿಸಿ, ಡಬ್ಬ ಕೈಗೆತ್ತಿಕೊಂಡೆ.