ಹೆಸರು ಬಿಟ್ಟ ಏಳು ಕ್ಲಿಪ್ಪುಗಳು

ನಾನು ಮಿಮಿಕ್ರಿ ಮಾಡುವವನು. ಬಸ್ ಕಂಡಕ್ಟರ್, ಶಾಲೆಯ ಮೇಷ್ಟ್ರು, ಸ್ವಂತ ಅಪ್ಪ, ಯಾರನ್ನೂ ಬಿಟ್ಟಿಲ್ಲ. ಬೇರೆ ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಆದರೆ ನನ್ನ ಹೊಟ್ಟೆ ಉರಿಸಿದವನು ಹೆಚ್ಚು ಮಾತೇ ಆಡದ, ನನ್ನ ಮಿಮಿಕ್ರಿ ರೆಕಾರ್ಡ್ ಮಾಡುವ ಒಬ್ಬ ಗೆಳೆಯ.

ದೊಡ್ಡಬಳ್ಳಾಪುರದ ಅವನ ಮನೆಯ ಮಹಡಿ ಕೋಣೆಯೇ ಸ್ಟುಡಿಯೊ. ಪಕ್ಕದಲ್ಲಿ ಮಗ್ಗದ ಶೆಡ್. ಮಗ್ಗದವರು ಊಟಕ್ಕೆ ಎದ್ದ ಹೊತ್ತಿನಲ್ಲಷ್ಟೇ ನಮ್ಮ ರೆಕಾರ್ಡಿಂಗ್. ಅಂಥ ಒಂದು ಮಧ್ಯಾಹ್ನ, ಮದುವೆ ಮನೆಯ ಪಂಕ್ತಿಯಲ್ಲಿ ಕಂಡಕ್ಟರ್ ಊಟ ಬಡಿಸುವ ಪ್ರಸಂಗ ಮಾಡಿದೆ. "ಮುಂದೆ ಹೋಗ್ರೀ" ಎನ್ನುವ ಮೊದಲು ಉಸಿರು ಸಿಕ್ಕಿಕೊಂಡು ಒಂದು ಕ್ಷಣ ನಿಂತೆ.

"ಅದನ್ನ ಕಟ್ ಮಾಡ್ಬಿಡೋ," ಅಂದೆ.

"ಸುಮ್ನಿರು ಗುರು. ಆ ಉಸಿರಲ್ಲೇ ಕಂಡಕ್ಟರ್ ಇರೋದು."

ಮೊದಲು ಕೇಳಿಸಿದ ನಾಲ್ಕು ಜನ ಬಿದ್ದು ಬಿದ್ದು ನಕ್ಕಿದ್ದೂ ಅಲ್ಲೇ. ವರ್ಷಗಟ್ಟಲೆ ಗಂಟಲು ಹರಿದುಕೊಂಡ ನನಗೆ ಹೊಳೆಯದ್ದು ಇವನಿಗೆ ಒಂದೇ ಸಲಕ್ಕೆ ಕೇಳಿಸಿತಲ್ಲ! ಯೂಟ್ಯೂಬಿಗೆ ಹಾಕುವಾಗ ಧ್ವನಿ, ಬರಹ, ಕಲ್ಪನೆ ಎಲ್ಲಕ್ಕೂ ನನ್ನ ಹೆಸರು ಬರೆದೆ. ರೆಕಾರ್ಡಿಂಗ್ ಮಾಡಿದವನ ಹೆಸರು ಹಾಕಲಿಲ್ಲ. ಏಳು ಕ್ಲಿಪ್ಪುಗಳಿಗೂ ಅದೇ ಕಥೆ.

ಹೋದ ತಿಂಗಳು ಅವನು ರೆಕಾರ್ಡಿಂಗ್ ಕೆಲಸದವರ ಸಂಘಕ್ಕೆ ಅರ್ಜಿ ಹಾಕಿದ. ಸದಸ್ಯನಾದರೆ ದೊಡ್ಡ ಸ್ಟುಡಿಯೊಗಳು ಕರೆಯುತ್ತವೆ. ತೋರಿಸಿದ ಕ್ಲಿಪ್ಪುಗಳಲ್ಲಿ ಅವನ ಹೆಸರು ಎಲ್ಲೂ ಇಲ್ಲವೆಂದು ಅರ್ಜಿ ವಾಪಸ್ ಬಂತು.

"ಹೆಸರು ಹಾಕೋದು ಮರ್ತಿದೀಯ ಅನ್ಸುತ್ತೆ ಕಣೋ. ಬಂದು ಸಂಘದವ್ರಿಗೆ ಒಂದ್ ಮಾತು ಹೇಳ್ತೀಯಾ?" ಎಂದು ಕೇಳಿದ.

ಮರೆವು ಅಂದುಕೊಂಡನಲ್ಲ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದ್ದ.

ಇಬ್ಬರೂ ನೆಲಮಂಗಲಕ್ಕೆ ಹೋದೆವು. ಅಲ್ಲಿ ಸಂಘದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿದರು. "ಇವನು ಏನ್ ಮಾಡ್ದ ಹೇಳಪ್ಪಾ."

"ಮೈಕ್ ಹಿಡ್ದ, ಸಾರ್."

"ಅದನ್ನ ಸ್ಟ್ಯಾಂಡೂ ಮಾಡುತ್ತೆ. ಇನ್ನೇನ್ ಮಾಡ್ದ?"

ಇನ್ನು ತಪ್ಪಿಸಿಕೊಳ್ಳಲಾಗಲಿಲ್ಲ. "ಜನ ಎಲ್ಲಿ ನಗ್ತಾರೆ ಅಂತ ಇವನಿಗೆ ಗೊತ್ತಾಯ್ತು ಸಾರ್, ನಂಗೆ ಆಗ್ಲಿಲ್ಲ. ನಾನ್ ಕಟ್ ಮಾಡು ಅಂದಿದ್ದನ್ನ ಇವನು ಉಳಿಸ್ದ. ಹೆಸರು ಮರ್ತಿದ್ದಲ್ಲ. ಹೊಟ್ಟೆ ಉರ್ಕೊಂಡು ನಾನೇ ಬಿಟ್ಟಿದ್ದು."

ಹಿರಿಯರು ಅರ್ಜಿಗೆ ಸಹಿ ಹಾಕಿದರು. ನಾನು ಅಲ್ಲೇ ಕೂತು ಏಳು ಕ್ಲಿಪ್ಪುಗಳಿಗೂ ಅವನ ಹೆಸರು ಸೇರಿಸಿದೆ. ಒಂದೊಂದು ಸಲ ಬರೆಯುವಾಗಲೂ ಹೊಸದಾಗಿ ಉರಿಯಿತು.

ಬೈಕಿನಲ್ಲಿ ವಾಪಸ್ ಬರುವಾಗ ನಾನೇ ಅವನ ಕಿವಿಗೆ ಬಾಗಿದೆ.

"ಲೇ, ಬಯ್ಯೋದಿದ್ರೆ ಬಯ್ದುಬಿಡೋ," ಅಂದೆ.

"ನಂಗೆ ಮೊದ್ಲೇ ಗೊತ್ತಿತ್ತು ಕಣೋ. ಎರಡನೇ ಕ್ಲಿಪ್ಪಿಂದ್ಲೇ ಆ ಉರಿ ನಿನ್ ವಾಯ್ಸಲ್ಲಿ ಕೇಳಿಸ್ತಿತ್ತು."

ಅದನ್ನೂ ಕೇಳಿಸಿಕೊಂಡಿದ್ದ, ಪಾಪಿ!