ಜೆಟ್ ವಿಮಾನಕ್ಕ ಫರ್ಸಿ ಕೆಲಸ

ದೋಸ್ತರೇ, ಇವತ್ತ ನಮ್ಮ ಶಹಾಬಾದದಾಗ ಒಂದು ಜೆಟ್ ವಿಮಾನಕ್ಕ ಫರ್ಸಿ ಕೆಲಸ ಆಯ್ತು!

ಅಣ್ಣ ಬೊಂಬಾಯಿಂದ ತಂದುಕೊಟ್ಟ ಪ್ಲಾಸ್ಟಿಕ್ ಯುದ್ಧವಿಮಾನ ಜೋಡಸ್ಲಿಕತ್ತಿದ್ದೆ. ರೆಕ್ಕಿಗೂ ಮೈಗೂ ನಡುವ ಬೆಂಕಿಕಡ್ಡಿ ಹೋಗುವಷ್ಟು ಸಂದು. ಬ್ಲೇಡಿನಿಂದ ಎಷ್ಟು ಹೆರೆದರೂ ಕೂಡಲೊಲ್ಲದು. ಅಡಿಗಿಮನ್ಯಾಗ ನೆಲಕ್ಕ ಫರ್ಸಿ ಕಲ್ಲು ಹಾಸಲಿಕತ್ತಿದ್ದ ಗೌಂಡಿ ಮೆಹಬೂಬ್ ಚಾಚಾ ನೋಡಿದ್ರು. "ಇಷ್ಟಕ್ಕ್ಯಾಕ ಮಾರಿ ಸಣ್ಣ ಮಾಡ್ತೀರಿ? ಕೊಡ್ರಿ ಇಲ್ಲಿ" ಅಂದ್ರು.

ಫರ್ಸಿ ಪುಡಿ ಅಂಟಿನಾಗ ಕಲಸಿ ಸಂದು ತುಂಬಿದ್ರು. ನಾ ಉಂಡು ಒಂದು ನಿದ್ದಿ ತೆಗೆದು ಬರೋದ್ರಾಗ ನೀರು ಹಚ್ಚಿ ತಿಕ್ಕಿ ನುಣ್ಣಗ ಮಾಡಿಟ್ಟಿದ್ರು. ರೆಕ್ಕಿ ಹುಟ್ಟಿದಾಗಿಂದ ಅಲ್ಲೇ ಇದ್ದಂಗಿತ್ತು!

ತಿರುವಿ ನೋಡಿದೆ. ಹಿಂದ ಹೊಗಿ ಹೋಗೋ ತೂತೇ ಇಲ್ಲ.

"ಚಾಚಾ, ಇದನ್ಯಾಕ ಮುಚ್ಚಿದ್ರಿ?"

"ಬಿಟ್ಟಿದ್ರ ಇರುವಿ ಸೇರ್ತಿದ್ವು. ನನ್ನ ಕೆಲಸದಾಗ ಒಂದು ತೂತು ಉಳದದ ಅಂತ ಈ ಊರಾಗ ಯಾರರೆ ಅನ್ಲಿ ನೋಡೋಣ!"

ವಿಮಾನ ಅಲ್ಮಾರಿ ಮ್ಯಾಲ ಭಾಳ ಛಂದ ಕಾಣಸ್ಲಿಕತ್ತದ. ಅಡಿಗಿಮನಿ ಫರ್ಸಿ ಮಾತ್ರ ಅರ್ಧಕ್ಕ ನಿಂತದ. ಅಂಗಳದಾಗ ಒಲಿ ಹೂಡಿದ ಹೆಂಡತಿ ಕೇಳ್ತಾಳ, "ರೊಟ್ಟಿ ನಿಮ್ಮ ವಿಮಾನದ ಮ್ಯಾಲ ಬಡೀಲೇನು?"

ಬಡೀಬೌದು. ಹಿಟ್ಟು ಸಿಗಬೀಳಲಿಕ್ಕ ಒಂದು ಸಂದೂ ಇಲ್ಲ.